ಬಿಳಿ ಶಂಖಕ್ಕೆ ಕರಿಯವ್ವನ ಹೆಸರು

ಕೊಚ್ಚಿ
3 ಮಾರ್ಚ್ 2024

ಪ್ರೀತಿಯ ಕರೀ,

ಹಡಗಿನಿಂದ ಇಳಿದು ನಾಲ್ಕು ದಿನ ಆಯ್ತು. ಈಗಲೂ ಹಾಸಿಗೆ ಮೇಲೆ ಮಲಗಿದರೆ ನೆಲ ತೂಗಿದಂಗೆ ಆಗ್ತೈತೆ. ಇಪ್ಪತ್ತೆರಡು ದಿನ ಬಲೆ ಇಳಿಸೋದು, ಎತ್ತೋದು, ಕೆಸರು ತೊಳೆದು ಜರಡಿ ಹಿಡಿಯೋದು. ಮನೆಯಾಗೆ ಅಮ್ಮ ಅಕ್ಕಿ ಆರಿಸು ಅಂದರೆ ಎದ್ದು ಓಡ್ತಿದ್ದೋಳು ಇಲ್ಲಿ ದಿನಾ ಹತ್ತು ತಾಸು ಕೂತು ಕೆಸರು ಆರಿಸೀನಿ.

ಈ ಪೊಟ್ಟಣದಾಗೆ ಒಂದು ಮಾತ್ರೆ ಡಬ್ಬಿ ಐತೆ, ಹುಷಾರಾಗಿ ತೆಗಿ. ಹತ್ತಿಯೊಳಗೆ ಮೂರು ಬಸವನಹುಳದ ಚಿಪ್ಪು ಅದಾವೆ. ಭತ್ತದ ಕಾಳಿನಷ್ಟು ಉದ್ದ, ತುದಿ ಚೂಪು, ಪುಟ್ಟ ಶಂಖ ಇದ್ದಂಗೆ. ಆರುನೂರ ನಲವತ್ತು ಮೀಟರ್ ಆಳದ ಕೆಸರಿನಿಂದ ಬಂದವು. ಅಲ್ಲಿಗೆ ಬೆಳಕೇ ಹೋಗಲ್ಲ. ಅದಕ್ಕೇ ಏನೋ ಬಣ್ಣಾನೂ ಇಲ್ಲ, ಹಾಲಿನಂಗೆ ಬಿಳಿ. ಹುಳ ಸಮೇತ ಸಿಕ್ಕ ಎರಡನ್ನ ಇಲ್ಲೇ ಸ್ಪಿರಿಟ್ಟಿನಾಗೆ ಇಟ್ಟೀನಿ. ನಿನಗೆ ಕಳಿಸಿರೋದು ಖಾಲಿ ಚಿಪ್ಪು.

ಇದು ನೂರು ವರ್ಷದ ಹಿಂದೆ ಅಂಡಮಾನಿನ ಹತ್ರ ಸಿಕ್ಕ ಪ್ರಭೇದಾನೇ ಅಂತ ನನ್ನ ಅಂದಾಜು. ಆ ಹಳೇ ಪುಸ್ತಕದ ಚಿತ್ರದ ಪ್ರತಿನೂ ಇಟ್ಟೀನಿ. ಥೀಸಿಸ್ಸಿಗೆ ಅಳತೆ ಬೇಕು, ಇಲ್ಲಿ ಕ್ಯಾಮೆರಾ ಇರೋ ಮೈಕ್ರೋಸ್ಕೋಪಿಗೆ ಎರಡು ತಿಂಗಳು ಸರದಿ. ಆವಾಗ ನಿನ್ನ ನೆನಪಾಯ್ತು. ದಾವಣಗೆರೆ ಕರೂರಿನ ನಿಮ್ಮ ವರ್ಕ್‌ಶಾಪಿನಾಗೆ ಬೋಲ್ಟಿನ ನೆರಳನ್ನ ದೊಡ್ಡದು ಮಾಡಿ ಪರದೆ ಮೇಲೆ ತೋರಿಸೋ ಮಷೀನು ಐತೆ ಅಂದಿದ್ದೆಯಲ್ಲ. ಅದರಾಗೆ ಇವನ್ನ ಇಟ್ಟು ಗೆರೆ ಎಳೆದು ಕೊಡ್ತೀಯಾ? ಎಂ.ಎಸ್ಸಿ.ಯಾಗೆ ನನ್ನ ರೆಕಾರ್ಡ್ ಪುಸ್ತಕದ ಅರ್ಧ ಚಿತ್ರ ನಿನ್ನ ಕೈಯವೇ. ಇದೊಂದು ಹೆಚ್ಚಾಗಲ್ಲ.

ನಿಮ್ಮಪ್ಪನ ಸೊಂಟ ಹೆಂಗೈತೆ? ನನ್ನ ಕೇಳ್ತಾರಾ?

ನಿನ್ನ,
ಆಶಾ


ಹರಿಹರ
24 ಮಾರ್ಚ್ 2024

ಆಶಾ,

ಡಬ್ಬಿ ಒಂಚೂರೂ ನಲುಗದೆ ಬಂತು. ಅಪ್ಪ ಒಂದನ್ನ ಅಂಗೈ ಮೇಲೆ ಇಟ್ಟುಕೊಂಡು, "ಇದನ್ನ ತಿಂತಾರೇನು?" ಅಂತ ಕೇಳಿದ. ಇಲ್ಲಪ್ಪ, ಓದ್ತಾರೆ ಅಂದೆ. "ಹಂಗಾರೆ ನಿನಗೇ ಸರಿ," ಅಂದ. ಕಣದಾಗೆ ಬಿದ್ದು ಮೂರು ವರ್ಷ ಆಯ್ತು. ಈಗ ಕೋಲಿಲ್ಲದೆ ಬಾಗಿಲ ತನಕ ಬರ್ತಾನೆ. ನಿನ್ನ ಹೆಸರು ತೆಗೆಯದ ದಿನ ಇಲ್ಲ.

ನಮ್ಮ ಸೂಪರ್‌ವೈಸರ್ ಸೂರಪ್ಪನೋರಿಗೆ ಕೇಳಿದೆ. "ಊಟದ ಹೊತ್ತಿನಾಗೆ ಮಾಡ್ಕೊಳ್ಳವ್ವ, ಗಾಜಿಗೆ ಗೀರು ಬೀಳಬಾರದು ಅಷ್ಟೇ," ಅಂದ್ರು. ದಿನಾ ಅರ್ಧ ತಾಸು ಸಿಗ್ತೈತೆ. ಬುತ್ತಿ ಬೇಗ ಮುಗಿಸಿ ಪ್ರೊಜೆಕ್ಟರ್ ಮುಂದೆ ಕೂರ್ತೀನಿ. ಐವತ್ತು ಪಟ್ಟು ದೊಡ್ಡದಾಗಿ ಪರದೆ ತುಂಬಾ ಬಂದಾಗ ಮೊದಲ ದಿನ ಅಳತೆ ತೆಗೆಯೋದೇ ಮರೆತೆ. ಅಷ್ಟು ನಾಜೂಕು.

ಈಗ ನಾನು ಹೇಳೋದನ್ನ ನಿಧಾನವಾಗಿ ಓದು. ನಾನು ದಿನಕ್ಕೆ ನಾನೂರು ಬೋಲ್ಟು ನೋಡ್ತೀನಿ. ಬೋಲ್ಟಿನಾಗೆ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಇರೋ ದೂರ ಎಲ್ಲಾ ಕಡೆ ಒಂದೇ. ಚಿಪ್ಪಿನಾಗೆ ಹಂಗಲ್ಲ, ಸುತ್ತು ಸುತ್ತಿಗೂ ದೂರ ಹಿಗ್ತೈತೆ, ಆದರೆ ಒಂದೇ ಲೆಕ್ಕದಾಗೆ ಹಿಗ್ತೈತೆ. ನೀನು ಕಳಿಸಿದ ಅಂಡಮಾನಿನ ಚಿತ್ರದಾಗೆ ಅದು ಸರಿಯಾಗೈತೆ. ನಿನ್ನ ಚಿಪ್ಪಿನಾಗೆ ಇಲ್ಲ. ಮೊದಲ ಮೂರು ಸುತ್ತು ಬಿಗಿಯಾಗಿ ಬಂದು, ನಾಲ್ಕನೇ ಸುತ್ತಿಗೆ ಒಮ್ಮೆಲೇ ಜಿಗೀತೈತೆ. ಒಂದು ಚಿಪ್ಪು ಮುರಿದು ಬೆಳೆದಿರಬಹುದು ಅಂದ್ಕೊಂಡೆ. ಮೂರಕ್ಕೂ ಅದೇ ಜಾಗದಾಗೆ ಅದೇ ಜಿಗಿತ. ಒಂದು ವಾರ ದಿನಾ ಬಿಚ್ಚಿ ಇಟ್ಟು ಮತ್ತೆ ಅಳೆದೆ.

ಇನ್ನೊಂದು, ತುತ್ತತುದಿ ನೋಡು. ಮರಿಯಾಗಿದ್ದಾಗ ಕಟ್ಟಿದ ಚಿಪ್ಪು ಅದು, ಮರಿ ತೇಲಿದಷ್ಟೂ ಸುತ್ತು ಹೆಚ್ಚು. ಅಂಡಮಾನಿನದಕ್ಕೆ ಮೂರೂವರೆ ಸುತ್ತು, ಮೇಲೆ ಬಲೆ ಹೆಣೆದಂಗೆ ಗೆರೆ. ಇದಕ್ಕೆ ಒಂದೂವರೆಯೇ, ನುಣ್ಣಗೆ, ಮೊಂಡು. ಅಂದರೆ ಇದರ ಮರಿ ಅಲೆ ಮೇಲೆ ತೇಲಿ ಊರೂರು ತಿರುಗಿಲ್ಲ. ತಾಯಿ ಬದುಕಿದ ಕೆಸರಿನಾಗೇ ಹುಟ್ಟಿ, ಅಲ್ಲೇ ನಡೆಯೋದು ಕಲಿತೈತೆ. ಹಿಂಗಿರೋವಾಗ ಅಂಡಮಾನಿನದೂ ಇದೂ ಒಂದೇ ಹೆಂಗಾಗ್ತೈತೆ?

ನನಗೆ ಇದು ಹೊಸದು ಅನ್ನಿಸ್ತೈತೆ. ತಪ್ಪಿದ್ದರೆ ನಗು. ಆದರೆ ಆ ಸ್ಪಿರಿಟ್ಟಿನಾಗಿನ ಹುಳದ ಹಲ್ಲು ತೆಗೆದು ಒಮ್ಮೆ ನೋಡು.

ಆರು ಹಾಳೆ ಕಳಿಸೀನಿ. ಸುತ್ತಿ ಇಟ್ಟೀನಿ, ಮಡಚಬ್ಯಾಡ.

ನಿನ್ನ,
ಕರಿ


ಕೊಚ್ಚಿ
15 ಏಪ್ರಿಲ್ 2024

ಕರೀ,

ನಗಲಿಲ್ಲ. ಹಾಳೆ ಬಿಚ್ಚಿ ಗೋಡೆಗೆ ಅಂಟಿಸಿ ಎದುರಿಗೆ ಸ್ಟೂಲ್ ಹಾಕ್ಕೊಂಡು ಕೂತೆ. ಆಮೇಲೆ ನೀನು ಹೇಳಿದಂಗೆ ಹಲ್ಲು ತೆಗೆದೆ. ನಾಲಿಗೆ ಪಟ್ಟಿ ಮೇಲಿನ ಸಾಲು ಹಲ್ಲು, ಕೂದಲಿಗಿಂತ ಸಣ್ಣ, ಎರಡು ದಿನ ಹಿಡೀತು. ಬೇರೆ, ಕರೀ. ಪೂರ್ತಿ ಬೇರೆ. ಹೊಸ ಪ್ರಭೇದ ಇದು. ನಾನು ಮೂರು ವರ್ಷ ಸಮುದ್ರದ ಪಕ್ಕ ಕೂತು ನೋಡದೆ ಇದ್ದದ್ದನ್ನ ನೀನು ಕರೂರಿನಾಗೆ ಬುತ್ತಿ ಉಣ್ಣೋ ಹೊತ್ತಿನಾಗೆ ನೋಡಿದೆ.

ಲೇಖನ ನಾವಿಬ್ಬರೇ ಬರೆಯೋಣ. ನನ್ನ ಗೈಡ್ ವತ್ಸಲಾ ನಾಯಕ್ ಮೇಡಂ ಹೆಸರು ಕೊನೆಗೆ ಇರ್ತೈತೆ, ಅದು ಇಲ್ಲಿನ ರೂಢಿ. ಅವರಿಗೆ ಇನ್ನೂ ಹೇಳಿಲ್ಲ, ಎಲ್ಲಾ ಸರಿ ಮಾಡಿಕೊಂಡು ಹೇಳ್ತೀನಿ. ಇನ್ನಷ್ಟು ಹಾಳೆ ಬೇಕು: ಬಾಯಿಯ ಭಾಗ, ಪ್ರತಿ ಸುತ್ತಿನ ಏಣು, ಹಿಂಬದಿ. ಒಂದು ಎರಡು ಅಂತ ಗುರುತು ಹಾಕಿದ ಚಿಪ್ಪು ವಾಪಸ್ ಕಳಿಸು. ಮೂರನೆಯದು ನಿನ್ನ ಹತ್ರನೇ ಇರಲಿ. ನಿನ್ನದು ಅದು.

ನಿನ್ನ,
ಆಶಾ


ಹರಿಹರ
2 ಸೆಪ್ಟೆಂಬರ್ 2024

ಆಶಾ,

ಜೂನ್ ತನಕ ಹದಿನೇಳು ಹಾಳೆ ಕಳಿಸೀನಿ. ನೀನು ಕೇಳಿದ ಪ್ರಶ್ನೆಗೆಲ್ಲ ಎರಡೆರಡು ಪುಟ ಬರೆದೀನಿ. ಜುಲೈ, ಆಗಸ್ಟ್ ನಿನ್ನ ಸುದ್ದಿ ಇಲ್ಲ. ಫೋನು ಮಾಡಿದರೆ ಹಡಗಿನ ಮೇಲೆ ಇದೀನಿ ಅಂತ ಮೆಸೇಜ್ ಬರ್ತೈತೆ. ನಿಮ್ಮಮ್ಮನ್ನ ಮೊನ್ನೆ ದಾವಣಗೆರೆ ಎಸ್.ಎಸ್. ಬಡಾವಣೆಯಾಗೆ ತರಕಾರಿ ತಗೊಳ್ಳುವಾಗ ನೋಡಿದೆ. ಆಶಾ ಕೊಚ್ಚಿಯಲ್ಲೇ ಅದಾಳೆ, ನಿನ್ನೆ ರಾತ್ರಿ ಮಾತಾಡಿದ್ಲು ಅಂದ್ರು. ಅವರಿಗೆ ಸರಿಯಾಗಿ ಗೊತ್ತಿರಲಿಕ್ಕಿಲ್ಲ ಅಂದ್ಕೊಂಡೆ.

ಒಂದು ವಿಷಯ ಹೇಳಬೇಕು. ಮಂಗಳೂರಿನ ಸಂಸ್ಥೆಯೊಂದರಾಗೆ ಪಿಎಚ್.ಡಿ.ಗೆ ಕರೆದಾರೆ, ನಾನು ಅರ್ಜಿ ಹಾಕೀನಿ. ಅವತ್ತು ಇಬ್ಬರಿಗೂ ಕೊಚ್ಚಿಯಾಗೆ ಸೀಟು ಸಿಕ್ಕು, ಅಪ್ಪ ಬಿದ್ದು ನಾನು ಹೋಗಲಿಲ್ಲವಲ್ಲ, ಆಮೇಲೆ ಅದರ ಆಸೆ ಬಿಟ್ಟಿದ್ದೆ. ಈ ಚಿಪ್ಪು ಬಂದಮೇಲೆ ಮತ್ತೆ ಹುಟ್ಟೈತೆ. ಅಪ್ಪನೂ ಹೋಗು ಅಂದಾನೆ. ಅರ್ಜಿಯಾಗೆ ಪ್ರಕಟಣೆ ಕೇಳಿದ್ದರು. "ಆಶಾರಾಣಿ ಎಸ್. ಜೊತೆ ಒಂದು ಲೇಖನ, ಅಚ್ಚಿನಲ್ಲಿ" ಅಂತ ಬರೆದೆ. ಸರಿ ತಾನೇ? ಕರಡು ಇದ್ದರೆ ಕಳಿಸು. ನಾನೂ ಒಮ್ಮೆ ಓದಬೇಕು.

ನಿನ್ನ,
ಕರಿ


ಕೊಚ್ಚಿ
30 ಸೆಪ್ಟೆಂಬರ್ 2024

ಕರೀ,

ಬೈಯಬ್ಯಾಡ, ಉಸಿರಾಡಾಕೂ ಪುರುಸೊತ್ತಿಲ್ಲ. ಲೇಖನ ಕಳಿಸಿ ಆಗೈತೆ. ಕರಡಿನಾಗೆ ಬಹಳ ಬದಲಾವಣೆ ಆಯ್ತು, ಈಗ ಕಳಿಸಿದರೂ ಉಪಯೋಗ ಇಲ್ಲ. ಅಚ್ಚಾದಮೇಲೆ ನೋಡುವಿಯಂತೆ.

ಅರ್ಜಿ ಹಾಕಿದ್ದು ಒಳ್ಳೇದಾಯ್ತು. ಬರೆದದ್ದು ಬರೆದೆಯಲ್ಲ, ಇರಲಿ ಬಿಡು. ನಿನಗೊಂದು ಖುಷಿ ಸುದ್ದಿ ಕಾದೈತೆ, ಈಗ ಹೇಳಲ್ಲ. ಅಪ್ಪಾರಿಗೆ ನಮಸ್ಕಾರ ತಿಳಿಸು.

ಆಶಾ


ಹರಿಹರ
18 ಜನವರಿ 2025

ಆಶಾ,

ಮಂಗಳೂರಿಗೆ ಹೋಗಿ ಬಂದೆ. ಏನಾಯ್ತು ಅಂತ ಬರೀತೀನಿ, ಪೂರ್ತಿ ಓದು.

ಮೂರು ಜನ ಕೂತಿದ್ದರು. ನಡುವೆ ಒಬ್ಬರು ಹಿರಿಯರು, ಆ ಕಡೆ ಈ ಕಡೆ ಇಬ್ಬರು ಮೇಡಂ. ನಾಲ್ಕು ವರ್ಷ ವರ್ಕ್‌ಶಾಪಿನಲ್ಲಿದ್ದು ಈಗ ಯಾಕೆ ಬಂದಿರಿ ಅಂತ ಕೇಳಿದ್ರು. ಚಿಪ್ಪಿನ ವಿಷಯ ಹೇಳಿದೆ. ನಾಲ್ಕನೇ ಸುತ್ತಿನ ಜಿಗಿತ, ತುದಿಯ ಮೊಂಡು, ಎಲ್ಲ. ನಾನು ಅಷ್ಟು ಮಾತಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ. ಹಿರಿಯರು ಮುಂದಕ್ಕೆ ಬಾಗಿ ಕೇಳಿಸಿಕೊಂಡ್ರು. "ಈ ಲೇಖನ ಹೋದ ವಾರ ಬಂದಿದೆಯಲ್ಲ, ನಾನು ನೋಡಿದ್ದೇನೆ," ಅಂತ ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡ್ರು.

ಬಂದೈತೆ ಅಂತ ನನಗೆ ಗೊತ್ತಿರಲಿಲ್ಲ. ಆದರೂ ಖುಷಿಗೆ ನಕ್ಕೆ.

ಅವರು ಮೊದಲ ಪುಟ ನೋಡಿ, ನನ್ನ ಅರ್ಜಿ ಕೈಗೆ ತಗೊಂಡ್ರು. "ನೀವು ಇದರ ಲೇಖಕಿ ಅಂತ ಅರ್ಜಿಯಲ್ಲಿ ಬರೆದಿದ್ದೀರಿ."

"ಹೌದು ಸರ್."

"ಇಲ್ಲಿ ಎರಡೇ ಹೆಸರಿವೆ. ಆಶಾರಾಣಿ ಎಸ್., ವತ್ಸಲಾ ನಾಯಕ್."

ಪಕ್ಕದ ಮೇಡಂ ಬಗ್ಗಿ ನೋಡಿ, "ಇರಿ ಸರ್, ಇವರ ಹೆಸರಿದೆ. ಹುಳುವಿಗೇ ಇಟ್ಟಿದ್ದಾರೆ, ಕರಿಯವ್ವೇ," ಅಂದ್ರು. ಆಮೇಲೆ, "ಇಷ್ಟು ಬೆಳ್ಳಗಿರುವ ಹುಳುವಿಗೆ ಕರಿಯವ್ವ," ಅಂತ ನಕ್ಕರು. ಕೆಟ್ಟದಾಗಿ ನಗಲಿಲ್ಲ, ಅದನ್ನ ನಿಜ ಹೇಳಬೇಕು. ಹಿರಿಯರು ನಗಲಿಲ್ಲ. "ನೋಡಿ ಅಮ್ಮ, ನೆರವು ಕೊಡುವುದು ಬೇರೆ, ಲೇಖಕರಾಗುವುದು ಬೇರೆ. ಅರ್ಜಿಯಲ್ಲಿ ಹೀಗೆ ಬರೆಯಬಾರದು," ಅಂದ್ರು.

ಅಳತೆ ಮಾಡಿದ್ದು ನಾನು, ಬೇರೆ ಅಂತ ಕಂಡಿದ್ದು ನಾನು ಅಂತ ಹೇಳಬಹುದಿತ್ತು. ಹೆಂಗೆ ಹೇಳಲಿ? ಅಚ್ಚಾದದ್ದು ಅವರ ಕಣ್ಣ ಮುಂದೆ ಐತೆ. ಸುಳ್ಳಿ ಅಂತ ಅಂದ್ಕೊಂಡಾರೆ, ಅದರ ಮೇಲೆ ಇನ್ನೇನು ಹೇಳಿದರೂ ಸುಳ್ಳೇ. "ತಪ್ಪಾಯ್ತು ಸರ್," ಅಂದೆ. ಯಾರ ತಪ್ಪಿಗೆ ಅಂದೆ, ಆಶಾ?

ಸೀಟು ಸಿಗಲಿಲ್ಲ. ಸಿಗದಿದ್ದರೆ ಬ್ಯಾಡ. ಆ ಬಾಗಿಲಿಂದ ಹೊರಗೆ ಬಂದದ್ದು ಹೆಂಗೆ ಅಂತ ನನಗೆ ಮಾತ್ರ ಗೊತ್ತು.

ಹರಿಹರಕ್ಕೆ ಬಂದು ಜೆರಾಕ್ಸ್ ಅಂಗಡಿಯಾಗೆ ಲೇಖನ ತೆಗೆಸಿದೆ. ಹನ್ನೊಂದು ಪುಟ. ನನ್ನ ಹದಿನೇಳು ಹಾಳೆಯಾಗೆ ಒಂಬತ್ತು ಅದಾವೆ, ಗೆರೆ ಮೇಲೆ ಗೆರೆ ಎಳೆದು ನುಣುಪು ಮಾಡೀರಿ. "ಇದರ ಮರಿ ತೇಲಿ ಹೋಗುವುದಿಲ್ಲ, ತಾಯಿಯ ಕೆಸರಿನಲ್ಲೇ ನಡೆಯಲು ಕಲಿಯುತ್ತದೆ" ಅಂತ ಎಂಟನೇ ಪುಟದಾಗೆ ಐತೆ, ಇಂಗ್ಲಿಷಿನಾಗೆ. ಆ ಮಾತನ್ನ ನಾನು ಅಡುಗೆಮನೆ ಕಟ್ಟೆ ಮೇಲೆ ಕೂತು ನಿನಗೆ ಬರೆದಿದ್ದು. ಕೊನೆಗೆ ಕೃತಜ್ಞತೆ ಅಂತ ಒಂದು ಸಾಲು: ಗೆರೆ ಎಳೆದುಕೊಟ್ಟ ದಾವಣಗೆರೆಯ ಒಂದು ವರ್ಕ್‌ಶಾಪಿಗೆ. ವರ್ಕ್‌ಶಾಪಿಗೆ ಕೈ ಇರ್ತಾವಾ?

ಹೆಂಗಸಿನ ಹೆಸರಾದರೆ ಲ್ಯಾಟಿನ್ನಿನಾಗೆ ಹಂಗೆ ಬಾಲ ಸೇರಿಸ್ತಾರೆ ಅಂತ ಗೊತ್ತು. ಆದರೆ ಕರಿಯವ್ವೇ ಅಂದರೆ ನನಗೆ ಓಣಿ ತುದಿಯಿಂದ ಯಾರೋ ಕೂಗಿ ಕರೆದಂಗೆ ಕೇಳ್ತೈತೆ. ನಮ್ಮಜ್ಜಿ ಹೆಸರು ಅದು. ಕಾಲೇಜಿನ ಮೊದಲ ದಿನ ಹಾಜರಿ ಕೂಗಿದಾಗ ಇಡೀ ಕ್ಲಾಸು ನಕ್ಕಿತ್ತು. ನೀನೊಬ್ಬಳೇ ಎದ್ದು ನಿಂತು, "ಯಾಕ ನಗ್ತೀರಿ, ನಿಮ್ಮಜ್ಜಿಗೆ ಹೆಸರಿಲ್ಲವಾ?" ಅಂದಿದ್ದೆ. ನಾನು ನಿನ್ನ ಪಕ್ಕ ಬಂದು ಕೂತದ್ದು ಅದಕ್ಕೆ.

ನಿನ್ನ ನಂಬರ್ ಬ್ಲಾಕ್ ಮಾಡೀನಿ. ಹೇಳೋದಿದ್ದರೆ ಬರೆದು ಹೇಳು.

ಕರಿಯವ್ವ


ಕೊಚ್ಚಿ
4 ಫೆಬ್ರವರಿ 2025

ಕರೀ,

ನಾಲ್ಕು ಸಲ ಬರೆದು ಹರಿದೆ. ಸಂದರ್ಶನ ಜನವರಿಯಾಗೇ ಐತೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೊದಲೇ ಹೇಳ್ತಿದ್ದೆ.

ಹುಳಕ್ಕೆ ಯಾರ ಹೆಸರು ಇಡ್ತೀವೋ ಅವರು ಲೇಖಕರ ಸಾಲಿನಾಗೆ ಇರಬಾರದು ಅಂತ ಮೇಡಂ ಅಂದ್ರು. ತಮ್ಮ ಹೆಸರನ್ನ ತಾವೇ ಇಟ್ಟುಕೊಂಡಂಗೆ ಆಗ್ತೈತಲ್ಲ, ಅದು ಶೋಭೆ ಅಲ್ಲ ಅಂತಾರೆ ಎಲ್ಲರೂ. ಎರಡರಾಗೆ ಒಂದು ಆರಿಸಬೇಕಿತ್ತು. ಲೇಖಕರ ಹೆಸರು ಯಾರೂ ನೆನಪಿಡಲ್ಲ ಕರೀ. ಹುಳದ ಹೆಸರು ಮಾತ್ರ ನಾವಿಬ್ಬರೂ ಹೋದಮೇಲೂ ಇರ್ತೈತೆ. ನಾನು ಅದನ್ನ ನಿನಗೆ ಕೊಟ್ಟ ಗೌರವ ಅಂದ್ಕೊಂಡೆ. ಈಗಲೂ ಹಂಗೇ ಅಂದ್ಕೊಂಡೀನಿ. ನಮ್ಮಪ್ಪ ಪೇಪರಿನೋರಿಗೂ ಸುದ್ದಿ ಕೊಟ್ಟಾರೆ.

ಇನ್ನೊಂದು ಮಾತು. ಈಗ ಕೇಳಬಾರದು, ಆದರೂ ಕೇಳಲೇಬೇಕು. ಆ ಮೂರನೇ ಚಿಪ್ಪನ್ನ ಕಳಿಸ್ತೀಯಾ? ಐದೂ ಮಾದರಿ ಕೋಲ್ಕತ್ತಾದ ಮ್ಯೂಸಿಯಂನಾಗೆ ಅದಾವೆ ಅಂತ ಲೇಖನದಾಗೆ ಬರೆದೀನಿ. ಐದಕ್ಕೂ ಅಲ್ಲಿನ ದಾಖಲೆ ನಂಬರನ್ನ ಮೊದಲೇ ಪಡೆದಿದ್ದೆ. ಅವರು ನಾಲ್ಕೇ ಬಂದಾವೆ ಅಂತ ಎರಡು ಸಲ ಬರೆದಾರೆ.

ಆಶಾ


ಹರಿಹರ
15 ಫೆಬ್ರವರಿ 2025

ಡಾ. ವತ್ಸಲಾ ನಾಯಕ್ ಅವರಿಗೆ,

ಮೇಡಂ, ನಮಸ್ಕಾರ. ನಾನು ಯಾರೆಂದು ನಿಮಗೆ ತಿಳಿದಿರಲಾರದು. ನಿಮ್ಮ ಲೇಖನದ ಹುಳಕ್ಕೆ ಇಟ್ಟಿರುವುದು ನನ್ನ ಹೆಸರು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ದಾವಣಗೆರೆಯ ಕರೂರಿನ ಒಂದು ವರ್ಕ್‌ಶಾಪಿನಲ್ಲಿ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದೇನೆ.

ಚಿಪ್ಪಿನ ಅಳತೆಯನ್ನೂ ಗೆರೆಗಳನ್ನೂ ಮಾಡಿದವಳು ನಾನು. ಅಂಡಮಾನಿನ ಪ್ರಭೇದಕ್ಕಿಂತ ಇದು ಬೇರೆ ಎಂದು 24 ಮಾರ್ಚ್ 2024ರಂದು ಆಶಾರಾಣಿಗೆ ಬರೆದೆ. ಅದಕ್ಕೆ ಅವಳು ಬರೆದ ಉತ್ತರದ ಜೆರಾಕ್ಸ್ ಇಟ್ಟಿದ್ದೇನೆ. ನನ್ನದು ಒಂದೇ ಪ್ರಶ್ನೆ. ಹುಳಕ್ಕೆ ಹೆಸರು ಕೊಟ್ಟದ್ದರಿಂದ ನನ್ನನ್ನು ಲೇಖಕರ ಸಾಲಿನಿಂದ ಬಿಡಬೇಕೆಂದು ನೀವು ಹೇಳಿದಿರಾ? ಹೇಳಿದ್ದರೆ ಹೌದು ಎಂದು ಒಂದು ಸಾಲು ಬರೆಯಿರಿ. ಮತ್ತೆ ನಿಮಗೆ ತೊಂದರೆ ಕೊಡುವುದಿಲ್ಲ.

ಇತಿ,
ಕರಿಯವ್ವ ಎಚ್.


ಕೊಚ್ಚಿ
1 ಮಾರ್ಚ್ 2025

ಕರಿಯವ್ವ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ಓದಿದ ಮೇಲೆ ಆಶಾರಾಣಿಯನ್ನು ಕರೆದು ಕೇಳಿ, ನಂತರ ಬರೆಯುತ್ತಿದ್ದೇನೆ.

ಇಲ್ಲ, ನಾನು ಹಾಗೆ ಹೇಳಲಿಲ್ಲ. ಹೋದ ವರ್ಷ ಜುಲೈನಲ್ಲಿ ನಿಮ್ಮ ಹಾಳೆಗಳನ್ನು ಅವಳು ನನಗೆ ತೋರಿಸಿದಳು. ಇಪ್ಪತ್ತೈದು ವರ್ಷದ ನನ್ನ ಕೆಲಸದಲ್ಲಿ ಅಷ್ಟು ನಿಖರವಾದ ಅಳತೆ ನೋಡಿದ್ದು ಕಡಿಮೆ. ಇದನ್ನು ಮಾಡಿದವರು ಯಾರು, ಅವರ ಹೆಸರೇ ಮೊದಲು ಬರಬೇಕು ಎಂದೆ. ಒಂದು ವಾರ ಬಿಟ್ಟು ಬಂದು, ಅವರು ಕಾರ್ಖಾನೆಯ ಕೆಲಸದವರು, ಲೇಖನದಲ್ಲಿ ಹೆಸರು ಬೇಡವೆಂದರು, ಬದಲಿಗೆ ಹುಳಕ್ಕೆ ಅವರ ಹೆಸರಿಟ್ಟರೆ ಸಂತೋಷಪಡುತ್ತಾರೆ ಎಂದಳು. ನಾನು ನಂಬಿದೆ. ನಿಮಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಆ ತಪ್ಪು ನನ್ನದು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ನಿಮ್ಮನ್ನು ಲೇಖಕಿಯಾಗಿ ಸೇರಿಸಬೇಕೆಂದು ಪತ್ರಿಕೆಗೆ ಬರೆದಿದ್ದೇನೆ. ತಿದ್ದುಪಡಿ ಮುದ್ರಿಸುತ್ತಾರೆ. ಆದರೆ ಒಂದನ್ನು ಮೊದಲೇ ಹೇಳಬೇಕು. ಹೊಸ ಜೀವಿಯ ಹೆಸರಿನ ಹಿಂದೆ ಬರುವುದು ಮೊದಲು ಪ್ರಕಟಿಸಿದವರ ಹೆಸರು. ಅದು ಆಗಿಹೋಯಿತು, ಬದಲಾಗುವುದಿಲ್ಲ. ಹುಳದ ಹೆಸರನ್ನೂ ಇನ್ನು ಯಾರೂ ತೆಗೆಯಲಾರರು, ನೀವು ಬೇಡವೆಂದರೂ.

ಮೂರನೇ ಚಿಪ್ಪು ನಿಮ್ಮಲ್ಲಿರುವುದು ನನಗೆ ಈಗ ತಿಳಿಯಿತು. ಅದನ್ನು ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕೇಳಲಾರೆ.

ವತ್ಸಲಾ ನಾಯಕ್


ಹರಿಹರ
17 ಮಾರ್ಚ್ 2025

ಆಶಾರಾಣಿಗೆ,

ನಿನ್ನೆ ಭಾನುವಾರ ನಿಮ್ಮಮ್ಮ ನಮ್ಮ ಮನೆಗೆ ಬಂದಿದ್ದರು. ಕಾರಿನಾಗೆ, ಒಂದು ಬುಟ್ಟಿ ಹಣ್ಣು ತಗೊಂಡು. ಶಕುಂತಲಮ್ಮನೋರು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು.

ಅಪ್ಪನಿಗೆ ಸಂಭ್ರಮವೋ ಸಂಭ್ರಮ. ನಿಮ್ಮಪ್ಪ ಪೇಪರಿಗೆ ಕೊಟ್ಟ ಸುದ್ದಿಯನ್ನ ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಾನೆ. "ಬರ್ರಿ ಅಮ್ಮಾರೆ, ಕೂಡ್ರಿ," ಅಂತ ತಾನೇ ಕುರ್ಚಿ ಎಳೆದು, ಅದನ್ನ ಅವರ ಕೈಗೆ ಕೊಟ್ಟ. "ನಮ್ಮವ್ವ ಹೊಳೆ ಬಿಟ್ಟರೆ ನೀರು ನೋಡಿದೋಳಲ್ಲ ಕಣ್ರಿ. ಈಗ ಸಮುದ್ರದಾಗೆ ಆಕೆ ಹೆಸರು ಐತೆ. ನಿಮ್ಮ ಮಗಳು ದೊಡ್ಡ ಮನಸಿನೋಳು," ಅಂದ. ನಿಮ್ಮಮ್ಮ ಅದನ್ನ ಓದಿದಂಗೆ ಮಾಡಿ ತಿರುಗಿ ಕೊಟ್ಟರು.

ನಾನು ಕಾಫಿ ಇಡಾಕೆ ಎದ್ದೆ. ಅವರು ಹಿಂದೆಯೇ ಅಡುಗೆಮನೆಗೆ ಬಂದ್ರು. "ಆ ಚಿಪ್ಪು ಕೊಟ್ಟುಬಿಡು ಮಗಳೇ. ಆಶಾ ಊಟ ಬಿಟ್ಟಾಳೆ," ಅಂದ್ರು.

"ನಿಮಗೆ ಏನು ಹೇಳ್ಯಾಳ್ರಿ?"

"ಏನೋ ಒಂದು ಕಡೆ ನಿನ್ನ ಹೆಸರು ಬಿಟ್ಟುಹೋಗೈತಂತೆ. ಹುಳಕ್ಕೇ ನಿನ್ನ ಹೆಸರು ಇಟ್ಟಾಳಲ್ಲವ್ವ, ಇನ್ನೇನು ಬೇಕು? ಅವಳ ನಾಲ್ಕು ವರ್ಷದ ಓದು ಅದು. ನಿನಗೆ ಹೆಂಗೂ ಕೆಲಸ ಐತೆ."

ಸಿಟ್ಟು ಬರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ನೀನು ಹೇಳಿದ್ದನ್ನ ಹೇಳಿದ್ರು. "ಚಿಪ್ಪು ಇಲ್ಲೇ ಐತೆ ಅಮ್ಮಾರೆ. ನಿಮ್ಮ ಕೈಗೆ ಕೊಡಲ್ಲ," ಅಂದೆ. ಕಾಫಿ ಕುಡಿಯದೆ ಹೊರಟರು. ಅಪ್ಪ ಕಾರಿನ ತನಕ ಹೋಗಿ ಕೈ ಮುಗಿದು ಬಂದ.

ನಾಯಕ್ ಮೇಡಂ ಉತ್ತರ ನನಗೆ ಬಂದು ವಾರದ ಮೇಲಾಯ್ತು. ಅವರೇ ಹೇಳಿದ್ರು ಅಂತ ನೀನು ಬರೆದ ಪತ್ರವನ್ನೂ, ಇಲ್ಲ ಅಂತ ಅವರು ಬರೆದ ಪತ್ರವನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡು ಕೂತೀನಿ. ಮೊದಲ ಸಲ ಮೋಸ ಮಾಡಿದೆ, ಆಮೇಲೆ ಅದನ್ನ ಇನ್ನೊಬ್ಬರ ತಲೆಗೆ ಕಟ್ಟಿದೆ. ಯಾಕ ಅಂತ ಕೇಳ್ತೀನಿ. ಅದೊಂದಕ್ಕೆ ನಿಜ ಬರಿ.

ಕರಿಯವ್ವ


ಕೊಚ್ಚಿ
29 ಮಾರ್ಚ್ 2025

ಕರೀ,

ಅಮ್ಮ ಬಂದಿದ್ದು ನನಗೆ ಆಮೇಲೆ ಗೊತ್ತಾಯ್ತು. ನಾನು ಕಳಿಸಲಿಲ್ಲ. ನಂಬದಿದ್ದರೂ ಬರೀತೀನಿ.

ಯಾಕ ಅಂತ ಕೇಳಿದೆ. ಮೇಡಂ ಹಾಳೆ ನೋಡಿ, ಇವರ ಹೆಸರೇ ಮೊದಲು ಬರಬೇಕು ಅಂದ್ರಲ್ಲ, ಆವಾಗ ಅವರ ಮುಖ ನೋಡಿದೆ. ನಾಲ್ಕು ವರ್ಷದಾಗೆ ಒಂದು ದಿನವೂ ನನ್ನ ಕೆಲಸ ನೋಡಿ ಅವರ ಮುಖ ಹಂಗಾಗಿರಲಿಲ್ಲ. ಎಂ.ಎಸ್ಸಿ.ಯಾಗೂ ನೀನೇ ಮೊದಲು, ನಾನು ಎರಡನೆಯವಳು. ಎಲ್ಲರೂ ನಮ್ಮನ್ನ ಜೋಡಿ ಅಂತಿದ್ದರು. ಜೋಡಿಯಾಗೆ ಎರಡನೆಯವಳಾಗಿ ಇರೋದು ಹೆಂಗೆ ಅಂತ ನಿನಗೆ ಗೊತ್ತಿಲ್ಲ.

ಇನ್ನೊಂದು ನಿಜ ಐತೆ, ಯಾರಿಗೂ ಹೇಳಿಲ್ಲ. ನಿಮ್ಮಪ್ಪ ಬಿದ್ದು ನೀನು ಕೊಚ್ಚಿಗೆ ಬರಲ್ಲ ಅಂದ ದಿನ ನಿನ್ನ ತಬ್ಬಿಕೊಂಡು ಅತ್ತೆನಲ್ಲ, ಅದು ಸುಳ್ಳಲ್ಲ. ಆದರೆ ರೈಲು ಹರಿಹರ ಬಿಟ್ಟಮೇಲೆ ನನಗೆ ಹಗುರಾಯ್ತು. ಇನ್ನು ನಾನೊಬ್ಬಳೇ ಅನ್ನಿಸ್ತು. ನಾಲ್ಕು ವರ್ಷ ಅದನ್ನ ಬಚ್ಚಿಟ್ಟುಕೊಂಡು ನಿನಗೆ ಪತ್ರ ಬರೆದೀನಿ.

ಥೀಸಿಸ್ಸಿನಿಂದ ಆ ಅಧ್ಯಾಯ ತೆಗೆಸಿದ್ರು. ಒಂದು ವರ್ಷ ಹೆಚ್ಚಾಗ್ತೈತೆ. ಅದಕ್ಕೆ ಅಳ್ತಿಲ್ಲ. ಮೇ ತಿಂಗಳಿನಾಗೆ ದಾವಣಗೆರೆಗೆ ಬರ್ತೀನಿ. ನಿಮ್ಮ ಮನೆಗೆ ಬರಲಾ? ಒಂದು ಸಲ ಎದುರಿಗೆ ಕೂತು ಬೈಯಿ.

ಆಶಾ


ಹರಿಹರ
2 ಮೇ 2025

ಆಶಾರಾಣಿಗೆ,

ನಿಜ ಬರೆದೆ. ಅದಕ್ಕೆ ಉತ್ತರ ಕೊಡಬೇಕು ಅಂತ ಒಂದು ತಿಂಗಳು ಯೋಚನೆ ಮಾಡಿದೆ.

ತಿದ್ದುಪಡಿ ಬಂತು, ಅರ್ಧ ಪುಟ. ಮೂರು ಹೆಸರಿನಾಗೆ ಮೊದಲನೆಯದು ನನ್ನದು. ಮೇಡಂ ಮಂಗಳೂರಿನೋರಿಗೂ ಬರೆದಿದ್ದರಂತೆ. ಆ ಹಿರಿಯರು ತಾವೇ ಫೋನು ಮಾಡಿ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಅಂದ್ರು. ಹಾಕ್ತೀನೋ ಇಲ್ಲವೋ ಗೊತ್ತಿಲ್ಲ. ಆ ಕೋಣೆಗೆ ಮತ್ತೆ ಕಾಲಿಡಬೇಕಲ್ಲ ಅನ್ನಿಸ್ತೈತೆ.

ಚಿಪ್ಪನ್ನ ಮ್ಯೂಸಿಯಂಗೆ ನಾನೇ ಕಳಿಸಿದೆ, ರಿಜಿಸ್ಟರ್ಡ್ ಪೋಸ್ಟಿನಾಗೆ. ನಿನಗೋಸ್ಕರ ಅಲ್ಲ. ಮುಂದೆ ಯಾರಾದರೂ ಇದನ್ನ ಅಳೆಯಾಕೆ ಕೇಳಿದರೆ ಐದು ಇರಬೇಕಾದ ಕಡೆ ನಾಲ್ಕು ಇರಬಾರದು. ಅದರ ಜೊತೆ ಒಂದು ಚೀಟಿ ಬರೆದಿಟ್ಟೆ, ಎತ್ತರ, ಅಗಲ, ಸುತ್ತು, ಅಳೆದವರು ಕರಿಯವ್ವ ಎಚ್., ಹರಿಹರ. ಚಿಪ್ಪಿನ ಜೊತೆ ಬಂದ ಚೀಟಿಯನ್ನ ಬಿಸಾಡಲ್ಲ, ಅದರ ಜೊತೆಗೇ ಇಡ್ತೀವಿ ಅಂತ ಅಲ್ಲಿಂದ ಉತ್ತರ ಬಂತು.

ನಿನಗೆ ಹಗುರಾದದ್ದಕ್ಕೆ ನನಗೆ ಸಿಟ್ಟಿಲ್ಲ. ಮನಸಿಗೆ ಏನೇನೋ ಬರ್ತೈತೆ, ಎಲ್ಲರಿಗೂ. ನನಗೂ ನಿನ್ನ ಹಡಗಿನ ಫೋಟೋ ನೋಡಿದಾಗೆಲ್ಲ ಹೊಟ್ಟೆ ಉರಿದೈತೆ. ಆದರೆ ನಾನು "ತಪ್ಪಾಯ್ತು ಸರ್" ಅಂದೆನಲ್ಲ, ಆ ಮಾತು ಹೋಗವಲ್ದು. ಬೋಲ್ಟು ಅಳೆಯುವಾಗ ನೆನಪಾಗ್ತೈತೆ. ಒಂದೇ ಬೋಲ್ಟನ್ನ ಎರಡೆರಡು ಸಲ ಅಳೀತೀನಿ, ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲದಂಗೆ. ಸೂರಪ್ಪನೋರು ಮೊನ್ನೆ, "ಯಾಕವ್ವ, ನೀನು ಹಿಂಗಿರಲಿಲ್ಲ," ಅಂದ್ರು.

ಅಪ್ಪನಿಗೆ ನಾನು ಏನೂ ಹೇಳಿಲ್ಲ. ಅವನ ಲೆಕ್ಕದಾಗೆ ನೀನು ನಮ್ಮಜ್ಜಿ ಹೆಸರನ್ನ ಸಮುದ್ರದಾಗೆ ಬರೆಸಿದ ಹುಡುಗಿ. ಬಂದೋರಿಗೆಲ್ಲ ಆ ಕಾಗದ ತೋರಿಸ್ತಾನೆ. ನಿಜ ಹೇಳಿದರೆ ಅವತ್ತಿನಿಂದ ಅದನ್ನ ತೆಗೆಯಲ್ಲ, ನನಗೆ ಗೊತ್ತು. "ಆ ಮಗಳನ್ನ ಒಂದು ದಿನ ಊಟಕ್ಕೆ ಕರಿ," ಅಂತ ನಿನ್ನೆನೂ ಅಂದ. ಅವಳಿಗೆ ರಜೆ ಸಿಕ್ಕಿಲ್ಲ ಅಂತ ಹೇಳೀನಿ. ಮುಂದಿನ ವರ್ಷ ಕೇಳಿದರೂ ಅದನ್ನೇ ಹೇಳ್ತೀನಿ.

ನೀನು ಬರಬ್ಯಾಡ.

ಕರಿಯವ್ವ ಎಚ್.